ಇಬ್ಬರು ಓಡಿಸುವ ಕಾರು

ನಮ್ಮ ಮನೆಯಲ್ಲಿ ಕಾರು ಒಂದೇ, ಓಡಿಸುವವರು ಇಬ್ಬರು. ನಾನು ಆರಡಿಗೆ ಒಂದಿಂಚು ಕಮ್ಮಿ, ನನ್ನ ಹೆಂಡತಿ ಐದಡಿಗೆ ಒಂದಿಂಚು ಕಮ್ಮಿ. ನಡುವಿನ ಈ ಒಂದಡಿ ವ್ಯತ್ಯಾಸವನ್ನು ನಾಲ್ಕು ವರ್ಷದಿಂದ ತೂಗಿಸಿಕೊಂಡು ಬಂದಿದ್ದು ಡ್ರೈವರ್ ಸೀಟಿನ ಪಕ್ಕದಲ್ಲಿರುವ ಒಂದು ಪುಟ್ಟ ಸ್ವಿಚ್ಚು. ಮುಂದಕ್ಕೆ ಒತ್ತಿದರೆ ಸೀಟು ಗುಂಯ್ ಅಂತ ಮುಂದೆ ಹೋಗುತ್ತದೆ, ಮೇಲಕ್ಕೆ ಎತ್ತಿದರೆ ಮೇಲೆ ಬರುತ್ತದೆ. ಕಾರು ಹಳೇದು, ನಮಗಿಂತ ಮುಂಚೆ ಇಬ್ಬರ ಕೈ ದಾಟಿ ಬಂದಿದ್ದು. ಹೊಸದಾಗಿದ್ದಾಗ ದೊಡ್ಡವರ ಗಾಡಿ. ನಮಗೆ ಸಿಕ್ಕಿದ್ದು ಎರಡು ಲಕ್ಷದ ಹತ್ತು ಸಾವಿರಕ್ಕೆ. ಕರೆಂಟಿನ ಸೀಟು ಬೇಕು ಅಂತೇನೂ ನಾವು ಹುಡುಕಿರಲಿಲ್ಲ, ಇತ್ತು ಅಷ್ಟೇ.

ನನ್ನದು ಖಾಯಂ ರಾತ್ರಿ ಪಾಳಿ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸು ನೋಡಿಕೊಳ್ಳುತ್ತೇನೆ. ಅವಳು ವೇಮಗಲ್ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರು. ರಾತ್ರಿ ಒಂಬತ್ತೂವರೆಗೆ ನಾನು ಕಾರು ತೆಗೆದುಕೊಂಡು ಹೋಗಿ ಬೆಳಿಗ್ಗೆ ಆರೂಮುಕ್ಕಾಲಿಗೆ ತಂದು ನಿಲ್ಲಿಸುತ್ತೇನೆ. ಎಂಟೂವರೆಗೆ ಅದೇ ಕಾರಲ್ಲಿ ಅವಳು ಹೊರಡುತ್ತಾಳೆ. ಹಾಗಾಗಿ ದಿನಕ್ಕೆ ಎರಡು ಸಲ ಆ ಸೀಟು ಈ ತುದಿಯಿಂದ ಆ ತುದಿಗೆ ಓಡಾಡಬೇಕು.

ಜನವರಿಯ ಒಂದು ಬೆಳಿಗ್ಗೆ ಅದು ಜರುಗಲಿಲ್ಲ. ನಿಂತಿದ್ದು ನನ್ನ ಜಾಗದಲ್ಲಿ, ಪೂರ್ತಿ ಹಿಂದೆ, ಪೂರ್ತಿ ಕೆಳಗೆ. ಅಲ್ಲಿ ಕೂತರೆ ಅವಳ ಕಾಲಿನ ಹೆಬ್ಬೆರಳು ಬ್ರೇಕಿಗೆ ತಾಕುತ್ತಿತ್ತು, ಅಷ್ಟೇ.

ಅಕ್ಕಪಕ್ಕದವರು ಮೊದಲು ಹೇಳಿದ್ದು ದಿಂಬು. ಬೆನ್ನ ಹಿಂದೆ ಒಂದು, ಕೆಳಗೆ ಒಂದು. ಅಂಬಾಸಿಡರ್ ಕಾಲದಲ್ಲಿ ಉದ್ದದ ಬೆಂಚ್ ಸೀಟಿನ ಮೇಲೆ ಕುಳ್ಳಗಿನ ಡ್ರೈವರುಗಳು ಕಂಬಳಿ ಮಡಚಿಟ್ಟುಕೊಂಡು ತಿರುಪತಿವರೆಗೂ ಓಡಿಸಿದ್ದಾರೆ, ನಿಜ. ಆದರೆ ದಿಂಬು ಸೀಟಿನ ಭಾಗ ಅಲ್ಲ. ಜೋರಾಗಿ ಬ್ರೇಕು ಒತ್ತಿದಾಗ ಬೆನ್ನಿಗೆ ಗಟ್ಟಿ ಆಸರೆ ಬೇಕು, ದಿಂಬು ಅಮುಕಿಕೊಂಡು ಹಿಂದೆ ಹೋಗುತ್ತದೆ, ಕಾಲಿನ ಬಲ ಅಲ್ಲೇ ಕಳೆದುಹೋಗುತ್ತದೆ. ಬ್ರೇಕು ಪೂರ್ತಿ ಒತ್ತಿದ ಮೇಲೂ ಮಂಡಿ ಸ್ವಲ್ಪ ಮಡಚಿರಬೇಕು, ಸ್ಟಿಯರಿಂಗಿನ ನಡುವಿನಿಂದ ಎದೆಗೆ ಸುಮಾರು 25 ಸೆಂಟಿಮೀಟರ್ ದೂರ ಇರಬೇಕು. ಎರಡನೆಯದು ಏರ್‌ಬ್ಯಾಗಿನ ಸಲುವಾಗಿ. ಇದನ್ನೆಲ್ಲ ನಾನು ವಿವರಿಸುವ ಮೊದಲೇ ಅವಳು ತೀರ್ಮಾನ ಮಾಡಿಯಾಗಿತ್ತು. “ಟೊಮೆಟೊ ಲಾರಿಗಳ ಮಧ್ಯ ದಿಂಬು ಇಟ್ಕೊಂಡು ಓಡ್ಸೋಕೆ ನನ್ ಕೈಲಾಗಲ್ಲ ಕಣ್ರೀ” ಅಂದಳು.

ಹತ್ತನೇ ಕ್ಲಾಸಿನ ಮಕ್ಕಳಿಗೆ ಸ್ಪೆಷಲ್ ಕ್ಲಾಸು ನಡೆಯುತ್ತಿದ್ದ ಕಾಲ ಅದು. ಬಸ್ಸು ಇಲ್ಲ ಅಂತಲ್ಲ, ಇದೆ. ಆದರೆ ಬೆಳಗಿನ ಕ್ಲಾಸಿಗೆ ಹೊಂದುವ ಬಸ್ಸಿಲ್ಲ. ಹಾಗಾಗಿ ರಾತ್ರಿಯೆಲ್ಲ ಎದ್ದಿದ್ದು ಬಂದ ನಾನೇ ಅವಳನ್ನು ಬಿಟ್ಟು ಬರಲು ಶುರು ಮಾಡಿದೆ. ಮೂರನೇ ದಿನ ವಾಪಸ್ ಬರುವಾಗ ಕಣ್ಣು ಎಳೆದು, ಕೆರೆ ಏರಿ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ಮಲಗಿ ಮುಂದೆ ಬಂದೆ. ಸೀಟು ಕೆಟ್ಟಿದ್ದು ಸಣ್ಣ ವಿಷಯ ಅಂತ ಅದುವರೆಗೆ ಅನಿಸಿತ್ತು. ಆಮೇಲೆ ಅನಿಸಲಿಲ್ಲ.

ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಹೋದೆ. ಹೆಸರು ಬೇಡ, ಮರ್ಯಾದೆಯಿಂದಲೇ ಮಾತಾಡಿಸಿದರು, ಕಾಫಿಯನ್ನೂ ಕೊಟ್ಟರು. ಸ್ಕ್ಯಾನರ್ ಸಿಕ್ಕಿಸಿ ನೋಡಿದರು. ಏನೂ ತೋರಿಸಲಿಲ್ಲ. ತೋರಿಸುವುದೂ ಇಲ್ಲ. ನಮ್ಮ ಸೀಟಿಗೆ ನೆನಪು ಇಟ್ಟುಕೊಳ್ಳುವ ಸೌಕರ್ಯ ಇಲ್ಲ, ಅಂದರೆ ಅದಕ್ಕೆ ಕಂಪ್ಯೂಟರೇ ಇಲ್ಲ. ಬರೀ ಸ್ವಿಚ್ಚು, ತಂತಿ, ಮೋಟರು. ಸ್ಕ್ಯಾನರು ಯಾರ ಜೊತೆ ಮಾತಾಡಬೇಕು? ಕೊನೆಗೆ “ಸೀಟ್ ಅಸೆಂಬ್ಲಿನೇ ಚೇಂಜ್ ಮಾಡ್ಬೇಕಾಗತ್ತೆ ಸಾರ್” ಅಂತ ಅರವತ್ತೆರಡು ಸಾವಿರದ ಅಂದಾಜು ಚೀಟಿ ಕೈಗಿಟ್ಟರು. ಕಾರಿನ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ.

ಅವತ್ತು ರಾತ್ರಿ ನನಗೆ ರಜೆ. ಮನೆ ಮುಂದೆ ನಿಲ್ಲಿಸಿಕೊಂಡು ನನಗೆ ತಿಳಿದಷ್ಟು ನೋಡಿದೆ. ನೀವೂ ಮಾಡಬಹುದಾದ್ದರಿಂದ ಹೇಳುತ್ತೇನೆ.

ಕತ್ತಲಲ್ಲಿ ಬಾಗಿಲು ತೆಗೆದಿಟ್ಟು, ಒಳಗಿನ ಚಾವಣಿ ದೀಪ ಉರಿಯುತ್ತಿರುವಾಗ ಸೀಟಿನ ಸ್ವಿಚ್ಚು ಒತ್ತಿ ದೀಪವನ್ನೇ ನೋಡುತ್ತಿರಿ. ಸೀಟು ಅಲ್ಲಾಡದಿದ್ದರೂ ದೀಪ ಒಂದು ಕ್ಷಣ ಮಂಕಾದರೆ ಮೋಟರಿಗೆ ಕರೆಂಟು ಹೋಗುತ್ತಿದೆ, ಎಲ್ಲೋ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ಹಳಿಯೊಳಗೆ ನಾಣ್ಯವೋ, ಪೆನ್ನಿನ ಮುಚ್ಚಳವೋ, ಒಣಗಿದ ಗ್ರೀಸೋ. ದೀಪ ಜಗ್ಗದೆ ಉರಿದರೆ ಮೋಟರಿನವರೆಗೆ ಬಲವಾದ ಕರೆಂಟು ತಲುಪಿಯೇ ಇಲ್ಲ. ನಮ್ಮದು ಜಗ್ಗಲಿಲ್ಲ.

ಎರಡನೆಯದು, ಕೆಟ್ಟಿರುವುದು ಒಂದೋ ಎಲ್ಲವೋ. ಈ ಸೀಟಿಗೆ ನಾಲ್ಕು ಪುಟ್ಟ ಮೋಟರು: ಹಿಂದೆಮುಂದೆ ಜರುಗಲು ಒಂದು, ಮುಂಭಾಗ ಎತ್ತಲು ಒಂದು, ಹಿಂಭಾಗ ಎತ್ತಲು ಒಂದು, ಒರಗಿಗೆ ಒಂದು. ಒಂದು ಮಾತ್ರ ಸತ್ತಿದ್ದರೆ ಆ ಮೋಟರು ಅಥವಾ ಸ್ವಿಚ್ಚಿನ ಆ ಭಾಗ. ನಾಲ್ಕೂ ಒಟ್ಟಿಗೆ ಸತ್ತರೆ ನಾಲ್ಕಕ್ಕೂ ಸೇರಿದ್ದೇನೋ ಹೋಗಿದೆ. ಒಂದೇ ದಿನ ನಾಲ್ಕು ಮೋಟರು ಸಾಯುವುದು ಸಿನಿಮಾದಲ್ಲಿ ಮಾತ್ರ. ನಮ್ಮಲ್ಲಿ ನಾಲ್ಕೂ ಸುಮ್ಮನಿದ್ದವು. 30 ಆಂಪಿಯರಿನ ಫ್ಯೂಸು ತೆಗೆದು ನೋಡಿದೆ, ಚೆನ್ನಾಗಿತ್ತು. ಸ್ಟೋರ್ಸಿನಿಂದ ಎರವಲು ತಂದಿದ್ದ ಮೀಟರಿನಲ್ಲಿ ಸೀಟಿನ ಸ್ವಿಚ್ಚಿನ ಕಪ್ಲರ್ ಬಿಚ್ಚಿ ಅಳೆದೆ. 12.4 ವೋಲ್ಟು. ಬ್ಯಾಟರಿಯಲ್ಲೂ ಅಷ್ಟೇ ಇತ್ತು.

ಮೀಟರಿನ ಪ್ರಕಾರ ಎಲ್ಲ ಸರಿ. ಸೀಟಿನ ಪ್ರಕಾರ ಏನೂ ಸರಿಯಿಲ್ಲ.

ಬೆಳಿಗ್ಗೆ ಅವಳನ್ನು ಬಿಟ್ಟು ಬರುವಾಗ ಹಳೇ ರಸ್ತೆಯ ಅಂಗಡಿಗೆ ಹೋದೆ. ಆ ಅಣ್ಣ ಮೊದಲು ಬೋರ್‌ವೆಲ್ ಮೋಟರು ರೀವೈಂಡಿಂಗ್ ಮಾಡುತ್ತಿದ್ದವರು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ, ಬೋರುಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳಕ್ಕೆ ಇಳಿಸಿದ ಮೋಟರು ಸುಟ್ಟರೆ ರೈತನ ಪಾಡು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅಂಥ ಸುಟ್ಟ ಮೋಟರುಗಳ ತಾಮ್ರ ಬಿಚ್ಚಿ ಸುತ್ತಿಯೇ ಅವರ ಮೂವತ್ತು ವರ್ಷ ಕಳೆದಿತ್ತು. 2013ರಲ್ಲಿ ಇಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು, ಊರ ತುಂಬ ಬಸ್ಸು, ಟೆಂಪೊ, ಕ್ಯಾಬು. 2018ರ ನಂತರ ಕೆ.ಸಿ. ವ್ಯಾಲಿ ನೀರು ಬಂದು ಕೆರೆಯೂ ತುಂಬಿತು. ಅಣ್ಣ ಬೋರ್ಡು ಬದಲಾಯಿಸಿ ‘ಆಟೋ ಎಲೆಕ್ಟ್ರಿಕಲ್ಸ್’ ಅಂತ ಬರೆಸಿದರು. ಹಳೇ ಅಕ್ಷರ ಬಣ್ಣದ ಅಡಿಯಿಂದ ಈಗಲೂ ಇಣುಕುತ್ತದೆ.

ನಾನು ಮೀಟರಿನ ಲೆಕ್ಕ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಕೆಡೋಕೆ ಮುಂಚೆ ಹೆಂಗಾಡ್ತಿತ್ತು ಸಾರ್?”

ನನಗೆ ಗೊತ್ತಿರಲಿಲ್ಲ. ನಾನು ಕೂರುವಾಗ ಅದು ಮುಂದಿನಿಂದ ಹಿಂದಕ್ಕೆ ಬರುತ್ತಿತ್ತು, ಎಂದೂ ತಕರಾರು ಮಾಡಿದ್ದಿಲ್ಲ. ಸ್ಕೂಲಿನ ಇಂಟರ್‌ವಲ್ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವಳ ಹತ್ತಿರ ಒಂದು ತಿಂಗಳ ಚರಿತ್ರೆಯೇ ಇತ್ತು. “ಬೆಳಿಗ್ಗೆ ಮೊದ್ಲು ಒತ್ತಿದಾಗ ಬರ್ತಿರ್ಲಿಲ್ಲ ಅಣ್ಣಾ. ನಾನು ಸೀಟ್ ಮೇಲೇ ಒಂದ್ಸಲ ಎಗರಿ ಕೂತ್ಕೊಂಡು ಒತ್ತಿದ್ರೆ ಬರೋದು. ಒಂದಿಂಚು ಮುಂದೆ ಬಂದ್ಮೇಲೆ ಆರಾಮಾಗಿ ಹೋಗೋದು. ಹಿಂದೆ ಇದ್ದಾಗ್ಲೇ ಅದ್ರ ರಗಳೆ.”

“ಸರಿ ಟೀಚರಮ್ಮ, ಸಿಕ್ತು ಬಿಡಿ” ಅಂದರು ಅಣ್ಣ. ಕಾರಿನ ಬಾಗಿಲು ಕೂಡ ಇನ್ನೂ ತೆಗೆದಿರಲಿಲ್ಲ.

ಆಮೇಲೆ ಡಬ್ಬಿಯಿಂದ ತೆಗೆದದ್ದು ಒಂದು ಬಲ್ಬು. ಇಂಡಿಕೇಟರಿಗೆ ಹಾಕುತ್ತಾರಲ್ಲ, ಆ 21 ವ್ಯಾಟಿನದು. ಹಳೇ ಹೋಲ್ಡರಿಗೆ ಸಿಕ್ಕಿಸಿ ಎರಡು ಉದ್ದದ ತಂತಿ, ತುದಿಗೆ ಕ್ಲಿಪ್ಪು. ನಾನು 12.4 ವೋಲ್ಟು ಕಂಡ ಅದೇ ಎರಡು ಪಿನ್ನಿಗೆ ಕೊಟ್ಟರು. ಬಲ್ಬು ಉರಿಯಿತು ಅನ್ನುವುದು ಕಷ್ಟ. ಒಳಗಿನ ತಂತಿ ಬೀಡಿ ತುದಿಯಷ್ಟು ಕೆಂಪಾಯಿತು. ಬಲ್ಬು ಹಾಗೇ ಇಟ್ಟುಕೊಂಡು “ಈಗ ನಿಮ್ ಮೀಟ್ರು ಇಡಿ” ಅಂದರು. ಎರಡು ವೋಲ್ಟೂ ಇರಲಿಲ್ಲ!

ಇದನ್ನು ನಾನು ನಾಲ್ಕು ಸಲ ಬಲ್ಬು ತೆಗೆದು ಹಾಕಿ ನೋಡಿದೆ. ಬಲ್ಬು ತೆಗೆದರೆ ಹನ್ನೆರಡು, ಹಾಕಿದರೆ ಎರಡಕ್ಕೂ ಕಮ್ಮಿ.

ಅಣ್ಣ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುವುದಾದರೆ ಹೀಗೆ. ಮೀಟರು ಅಳೆಯುವಾಗ ಕರೆಂಟನ್ನು ಹೆಚ್ಚುಕಮ್ಮಿ ಬಳಸುವುದೇ ಇಲ್ಲ. ಪೈಪಿನಲ್ಲಿ ಕಸ ತುಂಬಿ ಕೂದಲೆಳೆಯಷ್ಟು ದಾರಿ ಉಳಿದಿದ್ದರೂ ನಲ್ಲಿ ಮುಚ್ಚಿಟ್ಟಾಗ ಒತ್ತಡ ಪೂರ್ತಿಯೇ ಇರುತ್ತದೆ. ನಲ್ಲಿ ತಿರುಗಿಸಿದಾಗಲೇ ಬಂಡವಾಳ ಗೊತ್ತಾಗುವುದು. 21 ವ್ಯಾಟಿನ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಅದು ನಲ್ಲಿ ತಿರುಗಿಸಿದ ಹಾಗೆ. ಸೀಟಿನ ಮೋಟರಿಗೆ ಇನ್ನೂ ಹೆಚ್ಚು ಬೇಕು.

ಅವರಿಗೆ ಇದು ಕಾರಿನಿಂದ ಬಂದ ಜ್ಞಾನ ಅಲ್ಲ, ತೋಟದಿಂದ ಬಂದದ್ದು. ತ್ರೀ ಫೇಸಿನಲ್ಲಿ ಒಂದು ಫೇಸು ಹೋಗಿದ್ದಾಗ ಸ್ಟಾರ್ಟರಿನಲ್ಲಿ ಟೆಸ್ಟರ್ ಇಟ್ಟರೆ ಮೂರೂ ಕಡೆ ಬೆಳಗಬಹುದು. ತಿರುಗುತ್ತಿರುವ ಮೋಟರಿನ ವೈಂಡಿಂಗ್ ಮೂಲಕವೇ ಸತ್ತ ಫೇಸಿಗೆ ಕರೆಂಟು ಹಿಂದಕ್ಕೆ ಬಂದು ನಿಂತಿರುತ್ತದೆ. “ಟೆಸ್ಟ್ರು ಬೆಳಗ್ತೈತೆ, ಫೇಸ್ ಐತೆ ಅಂತ ನಂಬ್ಕೊಂಡು ಮೋಟ್ರು ಓಡ್ಸೋರು. ಸಾಯಂಕಾಲ ನನ್ ಅಂಗ್ಡಿಗೆ ತರೋರು. ಅದ್ರಲ್ಲೇ ಅಲ್ವಾ ನಮ್ ಮನೆ ನಡ್ದಿದ್ದು” ಅಂದು ನಕ್ಕರು.

ಇನ್ನು ಉಳಿದದ್ದು, ಕಟ್ಟಿಕೊಂಡಿರುವುದು ಬರುವ ದಾರಿಯೋ ಹೋಗುವ ದಾರಿಯೋ. ಬಲ್ಬಿನ ಒಂದು ಕ್ಲಿಪ್ಪನ್ನು ಸ್ವಿಚ್ಚಿಗೆ ಬರುವ ಪಾಸಿಟಿವ್ ಪಿನ್ನಿಗೂ ಇನ್ನೊಂದನ್ನು ಬಾಗಿಲ ಬಳಿಯ ಬಾಡಿಯ ಬೋಲ್ಟಿಗೂ ಕೊಟ್ಟರು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು. ಬರುವ ದಾರಿ ಸರಿಯಿದೆ. ಹಾಗಾದರೆ ಅರ್ತಿನದೇ ತಕರಾರು.

ಅರ್ತ್ ಒಂದು ಹೋದರೆ ನಾಲ್ಕೂ ಮೋಟರು ಯಾಕೆ ಸಾಯಬೇಕು ಅಂತ ಕೇಳಿದೆ. ಅಲ್ಲಿದ್ದ ಹಳೇ ಸ್ವಿಚ್ಚೊಂದನ್ನು ಬಿಚ್ಚಿ ತೋರಿಸಿದರು. ಈ ಮೋಟರುಗಳಿಗೆ ಎರಡೇ ತಂತಿ. ಸುಮ್ಮನಿದ್ದಾಗ ಎರಡನ್ನೂ ಸ್ವಿಚ್ಚು ಅರ್ತಿಗೇ ಕಟ್ಟಿಟ್ಟಿರುತ್ತದೆ. ಮುಂದಕ್ಕೆ ಒತ್ತಿದರೆ ಒಂದು ತಂತಿ ಅರ್ತ್ ಬಿಟ್ಟು ಪಾಸಿಟಿವ್‌ಗೆ ಹೋಗುತ್ತದೆ, ಹಿಂದಕ್ಕೆ ಒತ್ತಿದರೆ ಇನ್ನೊಂದು. ಅದೇ ಮೋಟರು ಉಲ್ಟಾ ತಿರುಗುತ್ತದೆ. ಯಾರು ಯಾವ ಕಡೆ ತಿರುಗಿದರೂ ವಾಪಸ್ ಬರುವ ಕರೆಂಟು ಆ ಒಂದೇ ಕಪ್ಪು ತಂತಿಯಲ್ಲಿ ಬರಬೇಕು. ನಾಲ್ಕು ಮನೆಗೆ ಒಂದೇ ಚರಂಡಿ.

ಸೀಟು ಪೂರ್ತಿ ಹಿಂದೆ ನಿಂತಿದ್ದರಿಂದ ಕೆಳಗೆ ಕೈ ಹಾಕಲು ಜಾಗವೇ ಇರಲಿಲ್ಲ. ಬಿಚ್ಚೋಣ ಅಂದರೆ ಹಿಂದಿನ ಎರಡು ಬೋಲ್ಟು ಸೀಟಿನ ಅಡಿಯಲ್ಲೇ ಅಡಗಿ ಕೂತಿದ್ದವು. ಸೀಟು ಜರುಗಿದರೆ ಬೋಲ್ಟು ಸಿಗುತ್ತದೆ, ಬೋಲ್ಟು ಬಿಚ್ಚಿದರೆ ಸೀಟು ಜರುಗುವಂತೆ ಮಾಡಬಹುದು. ಸರ್ವಿಸ್ ಸೆಂಟರಿನವರು ಇಲ್ಲೇ ಕೈಬಿಟ್ಟಿರಬೇಕು ಅಂತ ನನ್ನ ಊಹೆ. ಅಣ್ಣ ಒಂದು ದಪ್ಪ ತಂತಿಯನ್ನು ಬಾಡಿ ಬೋಲ್ಟಿನಿಂದ ತಂದು ಸ್ವಿಚ್ಚಿನ ಅರ್ತ್ ಪಿನ್ನಿಗೆ ಹೊರಗಿನಿಂದಲೇ ಜೋಡಿಸಿ, ಕಪ್ಲರ್ ಮತ್ತೆ ಹಾಕಿ, “ಒತ್ತಿ” ಅಂದರು. ಗುಂಯ್. ಹನ್ನೊಂದು ದಿನದ ಮೇಲೆ ಆ ಸದ್ದು ಕೇಳಿದ್ದು. ಅರವತ್ತೆರಡು ಸಾವಿರದ ಸೀಟು ಎರಡಡಿ ತಂತಿಯಲ್ಲಿ ಮುಂದೆ ಹೋಗಿ ನಿಂತಿತು.

ಅಡಿಯಲ್ಲಿ ಸಿಕ್ಕಿದ್ದು: ಹುಣಸೆ ಬೀಜ ಎರಡು, ಚಾಕ್‌ಪೀಸಿನ ತುಂಡು, ಒಂದು ರೂಪಾಯಿ, ಯಾರದೋ ಹೇರ್‌ಪಿನ್ನು, ಮಸಿ ಅಳಿಸಿಹೋದ ಟೋಲ್ ಚೀಟಿಗಳ ಕಂತೆ. ಚೀಟಿ ಹಿಂದಿನ ಮಾಲೀಕರದು, 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಗುವುದಕ್ಕೆ ಮುಂಚಿನದು. ಹೇರ್‌ಪಿನ್ನೂ ಹಿಂದಿನವರದೇ ಅಂತ ಮನೆಯಲ್ಲಿ ಹೇಳಿದ್ದೇನೆ.

ತಂತಿಗಳ ಕಟ್ಟು ಕಾರ್ಪೆಟ್ಟಿನಿಂದ ಎದ್ದು ಸೀಟಿನ ಅಡಿಗೆ ಹೋಗುವಲ್ಲಿ ಒಂದು ಬಳುಕು ಇದೆ. ಅದರಲ್ಲಿ ಹಳದಿ ಬಣ್ಣದ ಕಪ್ಲರು, ಹಳದಿ ಸುತ್ತಿನ ತಂತಿ ಕಂಡಾಗ ಅಣ್ಣ ನನ್ನ ಕೈ ಹಿಡಿದು ನಿಲ್ಲಿಸಿದರು. ಅದು ಏರ್‌ಬ್ಯಾಗಿನದು. ಅಲ್ಲಿ ಬಲ್ಬೂ ಇಡಬಾರದು, ಮೀಟರೂ ಇಡಬಾರದು, ಸುಮ್ಮನೆ ಎಳೆಯಲೂಬಾರದು. ಬಿಚ್ಚಲೇಬೇಕು ಅಂದರೆ ಮೊದಲು ಬ್ಯಾಟರಿ ಕಳಚಿ, ಕೆಲವು ನಿಮಿಷ ಕಾದು, ಆಮೇಲೆ. ನಮಗೆ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಆದರೂ ಕಪ್ಪು ತಂತಿ ಮುಟ್ಟುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟು ಟೀ ತರಿಸಿದರು. ಟೀ ಕುಡಿದಾದ ಮೇಲೇ ಕೆಲಸ.

ಕಪ್ಪು ತಂತಿ ನೋಡಲು ಹೊಚ್ಚ ಹೊಸದರ ಹಾಗಿತ್ತು. ಅಣ್ಣ ಎರಡು ಬೆರಳಲ್ಲಿ ಅದನ್ನು ಸವರುತ್ತಾ ಹೋಗಿ ಬಳುಕಿನ ಹತ್ತಿರ ನಿಲ್ಲಿಸಿದರು. ಅಲ್ಲಿ ಮಾತ್ರ ತಂತಿ ದಾರದ ಹಾಗೆ ಮೆತ್ತಗೆ ಮಡಚುತ್ತಿತ್ತು. ಬ್ಲೇಡಿನಲ್ಲಿ ಮೇಲಿನ ಪ್ಲಾಸ್ಟಿಕ್ ಸೀಳಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಎಳೆಗಳು ಒಂದೊಂದಾಗಿ ತುಂಡಾಗಿ, ಕಿಲುಬು ಹಿಡಿದು, ಎರಡು ತುದಿಗಳು ಆ ಪುಡಿಯಲ್ಲಿ ಸುಮ್ಮನೆ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಸೀಟು ಹಿಂದೆ ಹೋದಾಗ ತಂತಿ ಜಗ್ಗಿ ತುದಿಗಳು ದೂರವಾಗುತ್ತಿದ್ದವು, ಅವಳು ಎಗರಿ ಕೂತಾಗ ಕೂಡುತ್ತಿದ್ದವು. ಫೋನಿನಲ್ಲಿ ಅವಳು ಹೇಳಿದ್ದು ಅಕ್ಷರಶಃ ಇದನ್ನೇ.

ಒಬ್ಬರೇ ಓಡಿಸುವ ಕಾರಿನಲ್ಲಿ ಈ ತಂತಿ ಬಾಗುವುದೇ ಇಲ್ಲ. ಕೊಂಡ ದಿನ ಒಮ್ಮೆ ಸರಿಮಾಡಿಕೊಂಡರೆ ಮಾರುವ ದಿನದವರೆಗೆ ಸೀಟು ಅಲ್ಲೇ. ನಮ್ಮದು ದಿನಕ್ಕೆ ಎರಡು ಸಲ ಅಂದರೆ ವರ್ಷಕ್ಕೆ ಏಳುನೂರ ಚಿಲ್ಲರೆ, ನಾಲ್ಕು ವರ್ಷಕ್ಕೆ ಮೂರು ಸಾವಿರದ ಹತ್ತಿರ. ಅದೂ ಅರ್ಧಂಬರ್ಧ ಅಲ್ಲ, ಈ ಕೊನೆಯಿಂದ ಆ ಕೊನೆಗೆ. ನಾನು ಈ ಲೆಕ್ಕ ಹೇಳಿದಾಗ ಅಣ್ಣ ತಲೆ ಎತ್ತದೆ, “ಟ್ಯಾಕ್ಸಿನೋರ್ ಗಾಡೀಲೂ ಇಂಗೇ ಆಯ್ತದೆ ಸಾರ್, ಎಲ್ಡ್ ಶಿಫ್ಟ್ ಇದ್ರೆ” ಅಂದರು. ನಮ್ಮ ಸಂಸಾರ ಎರಡು ಶಿಫ್ಟಿನ ಟ್ಯಾಕ್ಸಿ ಅಂತ ಮೊದಲ ಸಲ ಯಾರೋ ಹೇಳಿದ್ದು.

ಕೆಟ್ಟ ಭಾಗವನ್ನು ಅಂಗೈಯಗಲ ಕತ್ತರಿಸಿ ತೆಗೆದರು. ಎರಡೂ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಬಿಡಲಿಲ್ಲ. ಅದೇ ದಪ್ಪದ, ಸಣ್ಣ ಎಳೆಗಳ ಹೊಸ ತಂತಿ ಸೇರಿಸಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು ಲೈಟರಿನಲ್ಲಿ ಬಿಸಿ ತೋರಿಸಿ ಕೂರಿಸಿದರು. ಬೆಸುಗೆ ಬಿದ್ದ ಕಡೆ ತಂತಿ ಕಡ್ಡಿಯಾಗುತ್ತದೆ, ಬಾಗಿದರೆ ಅಲ್ಲೇ ಮುರಿಯುತ್ತದೆ. ಹಾಗಾಗಿ ಎರಡೂ ಬೆಸುಗೆಯನ್ನು ಬಳುಕಿನಿಂದ ಆಚೆ, ಬಿಗಿಯಾಗಿ ಕಟ್ಟಿದ ಜಾಗಕ್ಕೆ ಬರುವಂತೆ ನೋಡಿಕೊಂಡರು. ಬಳುಕಿನಲ್ಲಿ ಬರೀ ಹೊಸ ತಂತಿ, ಮೊದಲಿಗಿಂತ ನಾಲ್ಕು ಬೆರಳು ಉದ್ದ. ಬ್ಯಾಟರಿ ಜೋಡಿಸಿ ಸೀಟನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ, ಪ್ರತಿ ಸಲವೂ ಟಾರ್ಚು ಬಿಟ್ಟು ತಂತಿ ಹಳಿಗೆ ತಾಗುತ್ತದೆಯೇ ಅಂತ ನೋಡಿದರು. ಕೊನೆಗೆ ಅದೇ ಬಲ್ಬು, ಅದೇ ಎರಡು ಪಿನ್ನು. ಈ ಸಲ ಪೂರ್ತಿ ಬೆಳಕು.

ನಾನೂರು ರೂಪಾಯಿ ಕೇಳಿದರು. ಐನೂರು ಕೊಟ್ಟೆ, ನೂರು ವಾಪಸ್ ಕೊಟ್ಟರು. ಟೀ ದುಡ್ಡು ನಾನೇ ಕೊಟ್ಟಿದ್ದೆನಲ್ಲ, ಅದು ಸಾಕಂತೆ. ಐವತ್ತು ರೂಪಾಯಿಯ ಒಂದು ಬಲ್ಬು, ಹೋಲ್ಡರು ಪಕ್ಕದ ಅಂಗಡಿಯಲ್ಲಿ ತೆಗೆದುಕೊಂಡು ಅಲ್ಲೇ ನನಗೂ ಒಂದು ಕಟ್ಟಿಸಿಕೊಂಡೆ. ಮೀಟರನ್ನು ರಾತ್ರಿ ಸ್ಟೋರ್ಸಿಗೆ ವಾಪಸ್ ಇಟ್ಟೆ.

ಆಮೇಲಿನ ಸೋಮವಾರದಿಂದ ಅವಳೇ ಗಾಡಿ ತೆಗೆದುಕೊಂಡು ಹೋಗುತ್ತಿದ್ದಾಳೆ, ನಾನು ಬೆಳಿಗ್ಗೆ ಏಳಕ್ಕೆಲ್ಲ ಮಲಗುತ್ತೇನೆ. ಹಿಂದೆ ಇರುವಾಗ ಸೀಟು ತಡವರಿಸಿದರೆ ತಕ್ಷಣ ಹೇಳು ಅಂದಿದ್ದೇನೆ. ಇಲ್ಲಿಯವರೆಗೆ ಹೇಳಿಲ್ಲ. ಒಳಗಿನ ಕನ್ನಡಿ ಮಾತ್ರ ಇವತ್ತಿಗೂ ಕೈಯಲ್ಲೇ ತಿರುಗಿಸಬೇಕು. ಅದರ ಹಿಂದಿನ ಗುಂಡಿ ಸಡಿಲವಾಗಿ ಮೊನ್ನೆಯಿಂದ ತೂಗಾಡುತ್ತಿದೆ.